ಬಿಳಿಗೆರೆಯ ಒಲೆ ಹಾಲೆಂಡಿಗೆ ಹೋದದ್ದು

ತಿಪಟೂರು

ಹಾಲೆಂಡಿಗೆ ಹೋಗಿ ಬಂದೆ ಅಂದರೆ ತಿಪಟೂರಿನಲ್ಲಿ ಎಲ್ಲರೂ ಮೊದಲು ಕೇಳುವುದು, ಅಲ್ಲಿ ಕೊಬ್ಬರಿ ಸಿಗುತ್ತಾ ಅಂತ. ತುರಿದದ್ದು ಪೊಟ್ಟಣದಲ್ಲಿ ಸಿಗುತ್ತೆ. ಅದನ್ನು ಕೊಬ್ಬರಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಎರಡನೆಯ ಪ್ರಶ್ನೆ, ನಿನ್ನನ್ನು ಯಾಕಮ್ಮ ಕರೆದರು ಅಂತ. ಅದರ ಉತ್ತರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುವಷ್ಟು ಚಿಕ್ಕದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಪುಷ್ಪಾ. ಹುಟ್ಟಿದ್ದು ಮಾಯಸಂದ್ರ, ಈಗಿರುವುದು ತಿಪಟೂರಿನ ಬಾಡಿಗೆ ಮನೆಯಲ್ಲಿ, ಪಿಯುಸಿ ಓದುವ ಮಗಳ ಜೊತೆ. ಒಂದು ಸೇವಾಸಂಸ್ಥೆಯಲ್ಲಿ ಕೆಲಸ. ಹಾಲೆಂಡಿನ ಒಂದು ದತ್ತಿ ಸಂಸ್ಥೆ ದುಡ್ಡು ಕೊಡುತ್ತೆ, ನಾವು ಹಳ್ಳಿಗಳಿಗೆ ಹೊಗೆಯಿಲ್ಲದ ಒಲೆ ಕೊಡುತ್ತೇವೆ. ತಗಡಿನ ಒಲೆ, ಅದಕ್ಕೊಂದು ಪೈಪು. ಪೈಪು ಹೊಗೆಯನ್ನು ಸೂರಿನಾಚೆ ಬಿಡುತ್ತೆ. ಒಲೆ ಕೊಟ್ಟು ಸುಮ್ಮನಿರುವ ಹಾಗಿಲ್ಲ, ಅದರಿಂದ ಏನಾಯಿತು ಅಂತಲೂ ತೋರಿಸಬೇಕು. ಹೀಗಾಗಿ ಪ್ರತಿ ಒಲೆಯ ಕಾಲಿಗೂ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಒಲೆ ಎಷ್ಟು ಹೊತ್ತು ಬಿಸಿಯಾಗಿತ್ತು ಎಂದು ಡಬ್ಬಿ ಲೆಕ್ಕ ಇಡುತ್ತೆ. ತಿಂಗಳಿಗೊಮ್ಮೆ ನಾನು ಸ್ಕೂಟರಿನಲ್ಲಿ ಹೋಗಿ ಮೊಬೈಲ್ ಹಿಡಿದರೆ ಅಂಕಿ ಮೊಬೈಲಿಗೆ ಬರುತ್ತೆ. ಒಲೆಯ ಹತ್ತಿರ ಹೋಗಬೇಕೆಂದೇನೂ ಇಲ್ಲ, ಹತ್ತು ಹೆಜ್ಜೆ ದೂರದಿಂದಲೂ ಬರುತ್ತೆ.

ಈ ಹತ್ತು ಹೆಜ್ಜೆಯಿಂದ ನನಗೆ ತುಂಬ ಅನುಕೂಲವಾಯಿತು. ನಮ್ಮ ಕಡೆ ಹೊರಗಿನವರು ಅಡುಗೆಮನೆಗೆ ಹೋಗುವುದಿಲ್ಲ. ಮನೆಯವರು ಕರೆಯುವುದಿಲ್ಲ, ಯಾಕೆ ಕರೆಯುವುದಿಲ್ಲ ಎಂದು ಬಂದವರು ಕೇಳುವುದೂ ಇಲ್ಲ. ಜಗಲಿಯಲ್ಲಿ ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಚೆನ್ನಾಗಿ ಮಾತಾಡಿಸುತ್ತಾರೆ. ಎರಡು ವರ್ಷ ನಾನು ನನ್ನ ಪಾಲಿಗೆ ಬಂದಿದ್ದ ಬಿಳಿಗೆರೆ ಎಂಬ ಹಳ್ಳಿಯ ಜಗಲಿಗಳಲ್ಲಿ ಕೂತು, ಕಾಫಿ ಕುಡಿದು, ಅಡುಗೆಮನೆಗಳ ಬಗ್ಗೆ ವರದಿ ಬರೆದೆ.

ಮೊದಲ ವರ್ಷ ಬಿಳಿಗೆರೆಯ ಅಂಕಿಗಳು, ಅವುಗಳಿಂದ ಎಳೆದ ಗ್ರಾಫಿನ ಗೆರೆಯ ಸಮೇತ, ಮಲಗಿಬಿಟ್ಟಿದ್ದವು. ನಮ್ಮ ಆಫೀಸಿನ ಸಾಹೇಬರು ಒಂದು ದಿನ ಫೋನ್ ಮಾಡಿ, "ಪುಷ್ಪಾ, ಬಿಳಿಗೆರೆ ಗೆರೆ ಹಿಂಗೇ ಇದ್ರೆ ಆ ಊರನ್ನ ಕೈಬಿಡ್ತಾರಂತೆ. ಊರು ಹೋದ್ರೆ ನಿಮ್ಮ ಪೋಸ್ಟೂ ಹೋಗುತ್ತೆ" ಅಂದರು. ಆ ಫೋನು ಬಂದಾಗ ನಾನು ಬಿಳಿಗೆರೆಯಲ್ಲಿ ನಮ್ಮ ಒಲೆ ತೆಗೆದುಕೊಂಡಿದ್ದ ರುದ್ರಮ್ಮ ಎಂಬುವರ ಜಗಲಿಯಲ್ಲಿದ್ದೆ; ಸಾಹೇಬರ ದನಿ ಫೋನಿನಾಚೆಗೂ ಕೇಳುವಷ್ಟು ದೊಡ್ಡದು. ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತದ್ದೂ ನಿಜ. ರುದ್ರಮ್ಮ ಏನೂ ಕೇಳದೆ ಇನ್ನೊಂದು ಲೋಟ ಕಾಫಿ ತಂದಿಟ್ಟರು. ಕುಡಿದು ಎದ್ದು ಬಂದೆ.

ಮುಂದಿನ ತಿಂಗಳು ಬಿಳಿಗೆರೆಯ ಗೆರೆ ತೆಂಗಿನಮರ ಹತ್ತುವವನ ಹಾಗೆ ಸರಸರ ಮೇಲೇರಿತು. ಏರಿದ್ದು ಇಳಿಯಲೇ ಇಲ್ಲ. ಕಾರಣ ಬರೆಯಬೇಕಿದ್ದ ಜಾಗದಲ್ಲಿ ನಾನು 'ಜಾಗೃತಿ ಶಿಬಿರದ ಫಲ' ಎಂದು ಬರೆದೆ. ಶಿಬಿರ ನಡೆದದ್ದು ಸುಳ್ಳಲ್ಲ. ಭಾಷಣಕ್ಕಿಂತ ವಡೆ ಬೇಗ ಮುಗಿದಿತ್ತು.

ಹೀಗೆ ಬಿಳಿಗೆರೆ ಎಲ್ಲಕ್ಕಿಂತ ಒಳ್ಳೆಯ ಊರಾಯಿತು, ಬಿಳಿಗೆರೆಯಲ್ಲಿ ರುದ್ರಮ್ಮನವರ ಒಲೆ ಎಲ್ಲಕ್ಕಿಂತ ಒಳ್ಳೆಯ ಒಲೆಯಾಯಿತು. ದತ್ತಿ ಸಂಸ್ಥೆಯ ವಾರ್ಷಿಕ ಸಭೆಗೆ ಅವರನ್ನು ಕರೆದರು. ಅವರ ಮಾತನ್ನು ಇಂಗ್ಲಿಷಿಗೆ ಹೇಳಲು ನಾನು. ಮುಂದಿನ ಮೂರು ವರ್ಷಕ್ಕೆ ದುಡ್ಡು ಕೊಡಬೇಕೋ ಬೇಡವೋ ಎಂದು ಆ ಸಭೆಯಲ್ಲೇ ತೀರ್ಮಾನ. ಹೊರಡುವ ಮುಂಚೆ ಸಾಹೇಬರು ನನಗೆ ಒಂದೇ ಮಾತು ಹೇಳಿದರು: "ಅವರೇನಂದ್ರೂ ನೀವು ಚೆನ್ನಾಗಿ ಹೇಳಿ."

ವಿಮಾನ ನಿಲ್ದಾಣ

ರುದ್ರಮ್ಮನವರಿಗೆ ಅರವತ್ತರ ಹತ್ತಿರ. ತೆಂಗಿನ ತೋಟ, ಎರಡು ಹಸು, ಒಬ್ಬಳು ಸೊಸೆ, ಹಣೆಯ ತುಂಬ ವಿಭೂತಿ. ಮಾತು ಕಡಿಮೆ, ಆಡಿದರೆ ಒಂದೇ ಏಟು. ಬಟ್ಟೆಯ ಚೀಲವೊಂದನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನವರೆಗೂ ಬಂದರು. ತಪಾಸಣೆಯಲ್ಲಿ ಆ ಚೀಲವನ್ನು ಪಕ್ಕಕ್ಕೆ ಎಳೆದರು. ಒಳಗೆ ಆರು ಉಂಡೆ ಕೊಬ್ಬರಿ.

"ಅಮ್ಮ, ಇದನ್ನ ತಗೊಂಡೋಗಂಗಿಲ್ಲ," ಎಂದ ಸಮವಸ್ತ್ರದವನು.

"ಯಾಕಪ್ಪ? ಬರಿಗೈಲಿ ಹೆಂಗೆ ಹೋಗೋದು ಇನ್ನೊಬ್ಬರ ಮನೇಗೆ?"

"ಬೆಂಕಿ ಹತ್ತೋ ವಸ್ತು ಇದು. ಎಣ್ಣೆ ಜಾಸ್ತಿ ಇರುತ್ತೆ."

"ಎಣ್ಣೆ ಐತೆ ಅಂತಲೇ ಅಲ್ವೇನಪ್ಪ ಜನ ತಗಳ್ಳೋದು!"

ಆತ ಗೋಡೆಯ ಮೇಲಿನ ಪಟ್ಟಿ ತೋರಿಸಿದ. ಚಾಕು, ಪಟಾಕಿ, ಸೀಮೆಎಣ್ಣೆ, ಅವುಗಳ ಜೊತೆಗೆ ನಮ್ಮ ಕೊಬ್ಬರಿ. ತಿಪಟೂರಿನವಳಾಗಿ ನನಗೆ ಅವಮಾನವಾಗಬೇಕೋ ಹೆಮ್ಮೆಯಾಗಬೇಕೋ ತಿಳಿಯಲಿಲ್ಲ. ರುದ್ರಮ್ಮ ಉಂಡೆಗಳನ್ನು ಒಂದೊಂದಾಗಿ ತೆಗೆದು ಕಸದ ಡಬ್ಬಿಯ ಪಕ್ಕ ಸಾಲಾಗಿ ಜೋಡಿಸಿದರು, ಒಳಗೆ ಎಸೆಯಲಿಲ್ಲ. "ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದಿರೋ ಕೊಬ್ಬರಿ ಕಣಪ್ಪ. ಎಸೀಬ್ಯಾಡ. ಮನೇಗೆ ಹೋಗುವಾಗ ನೀವೇ ಹಂಚ್ಕಳಿ," ಎಂದರು. ಅವನ ಮುಖದಲ್ಲಿ ಪಟ್ಟಿಯಲ್ಲಿಲ್ಲದ ಒಂದು ಸಂಕಟ ಕಂಡಿತು.

ರಾಗಿಹಿಟ್ಟು ಮತ್ತು ಮುದ್ದೆ ಕೋಲು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿದ್ದವು. ಅವನ್ನು ಯಾರೂ ಕೇಳಲಿಲ್ಲ.

ಉಟ್ರೆಕ್ಟ್, ಮೊದಲ ದಿನ

ದತ್ತಿ ಸಂಸ್ಥೆ ಇರುವುದು ಹಾಲೆಂಡಿನ ಈ ಊರಿನಲ್ಲೇ. ನಮ್ಮನ್ನು ಕರೆದೊಯ್ಯಲು ಬಂದವರು ಅಲ್ಲಿಯ ಮಾರ್ಲೀನ್. ಐವತ್ತು ದಾಟಿದ ಹೆಂಗಸು, ನನಗಿಂತ ಒಂದು ಮೊಳ ಎತ್ತರ. ನಾನು ಎರಡು ವರ್ಷದಿಂದ ಬರೆಯುತ್ತಿದ್ದ ವರದಿಗಳನ್ನು ಆ ಕಡೆ ಓದುತ್ತಿದ್ದವರು ಅವರೇ. ನಾವು ಉಳಿದುಕೊಂಡದ್ದೂ ಅವರ ಮನೆಯಲ್ಲೇ. ನನ್ನನ್ನು ಕಂಡವರೇ, "ನೀವು ಬಹಳ ಚೆನ್ನಾಗಿ ಬರೆಯುತ್ತೀರಿ" ಎಂದರು. ನನ್ನ ಜೀವಮಾನದಲ್ಲಿ ಆ ಮಾತು ಹೇಳಿದ ಮೊದಲನೆಯವರು ಅವರು. ಮನಸ್ಸಿಗೆ ಹಿತವಾಯಿತು.

ಮನೆಗೆ ಹೋದ ತಕ್ಷಣ ಕಾಫಿ ಕೊಟ್ಟರು. ಬಿಸ್ಕತ್ತಿನ ಡಬ್ಬಿ ತೆಗೆದು ನಮ್ಮ ಮುಂದೆ ಹಿಡಿದರು. ನಾವು ತಲಾ ಒಂದು ತೆಗೆದುಕೊಂಡೆವು. ಅವರೂ ಒಂದು ತೆಗೆದುಕೊಂಡು, ಟಪ್ ಎಂದು ಮುಚ್ಚಳ ಹಾಕಿ, ಡಬ್ಬಿಯನ್ನು ಬೀರುವಿನೊಳಗೆ ಇಟ್ಟುಬಿಟ್ಟರು.

ರುದ್ರಮ್ಮ ಬೀರುವನ್ನೇ ನೋಡುತ್ತ ಕೂತರು. "ಏನೇ ಇದು, ಮುಚ್ಚಿಕ್ಕೇಬುಟ್ಲಲ್ಲ!"

"ಇಲ್ಲಿ ಹಂಗೇ ಅಂತೆ ಅಕ್ಕ. ಒಂದೇ ಕೊಡೋದು."

"ನಾವು ಬ್ಯಾಡ ಅನ್ನಬೇಕು, ಅವಳು ತಗಳ್ಳಿ ಅನ್ನಬೇಕು, ಒಂದೀಟು ಹೊತ್ತಾದ್ರೂ ಜಗ್ಗಾಡಬೇಕಪ್ಪ."

ನಮ್ಮ ಕಡೆ ಹೊಟ್ಟೆ ತುಂಬಿದ ಮೇಲೂ ಬಡಿಸುತ್ತಾರೆ, ಆದರೆ ಬಂದವರನ್ನು ಜಗಲಿ ದಾಟಿಸುವುದಿಲ್ಲ. ಇವರು ಒಂದೇ ಬಿಸ್ಕತ್ತು ಕೊಟ್ಟು ಮನೆಯನ್ನೆಲ್ಲ ತೋರಿಸಿದರು. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ, ಎಲ್ಲ. ಪಾಯಿಖಾನೆಯ ಗೋಡೆಯ ಮೇಲೆ ನೆಂಟರಿಷ್ಟರ ಹುಟ್ಟಿದ ದಿನಗಳ ಕ್ಯಾಲೆಂಡರ್ ಇತ್ತು. ದಿನಕ್ಕೊಮ್ಮೆಯಾದರೂ ಎಲ್ಲರನ್ನೂ ನೆನೆಯಲು ಅದೇ ಸರಿಯಾದ ಜಾಗವಂತೆ.

ಸಂಜೆ ಬೀದಿಯಲ್ಲಿ ತಿರುಗಾಡಿದೆವು. ಆ ಊರಿನಲ್ಲಿ ಕಿಟಕಿಗಳಿಗೆ ಪರದೆ ಇಲ್ಲ. ರಸ್ತೆಯಲ್ಲಿ ನಡೆಯುತ್ತ ಹೋದರೆ ಎರಡೂ ಕಡೆ ಅಡುಗೆಮನೆಗಳು ಕಾಣುತ್ತವೆ. ಒಬ್ಬ ಗಂಡಸು ಆಲೂಗಡ್ಡೆ ಸುಲಿಯುತ್ತಿದ್ದ. ಮುಂದಿನ ಮನೆಯಲ್ಲಿ ಒಬ್ಬಳು ಪಾತ್ರೆ ತೊಳೆಯುತ್ತಿದ್ದಳು. ಯಾರೂ ತಲೆ ಎತ್ತಿ ನಮ್ಮನ್ನು ನೋಡಲಿಲ್ಲ. ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದು ತೋರಿಸಲು ಹಿಂದಿನಿಂದ ಬಂದ ರೂಢಿ ಇದು ಎಂದು ಮಾರ್ಲೀನ್ ವಿವರಿಸಿದರು. ಬಿಳಿಗೆರೆಯಲ್ಲಿ ಎರಡು ವರ್ಷದಲ್ಲಿ ನೋಡದಷ್ಟು ಅಡುಗೆಮನೆಗಳನ್ನು ನಾನು ಅಲ್ಲಿ ಅರ್ಧ ಗಂಟೆಯಲ್ಲಿ ನೋಡಿದೆ.

ರುದ್ರಮ್ಮ ಒಂದು ಕಿಟಕಿಯ ಮುಂದೆ ನಿಂತೇ ಬಿಟ್ಟರು. "ಒಲೆ ಎಲ್ಲೇ? ಬೆಂಕೀನೇ ಕಾಣಲ್ವಲ್ಲ."

"ಕರೆಂಟಿನದು ಅಕ್ಕ. ಗಾಜಿನ ಒಲೆ."

"ಅದಕ್ಕೆ ಡಬ್ಬಿ ಎಲ್ಲಿ ಕಟ್ಟವ್ರೆ?"

ನಾನು ಮಾರ್ಲೀನ್‌ಗೆ ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ನಮ್ಮ ಒಲೆಗಳಿಗೆ ಡಬ್ಬಿ ಇಲ್ಲ, ಅವು ಎಷ್ಟು ಹೊತ್ತು ಉರಿದವು ಎಂದು ಯಾರೂ ಕೇಳುವುದಿಲ್ಲ ಎಂದರು. ರುದ್ರಮ್ಮ "ಹೂಂ" ಎಂದು ಮುಂದೆ ನಡೆದರು. ಆ ಒಂದು ಹೂಂ ಮಾರ್ಲೀನ್‌ಗೂ ಅರ್ಥವಾಯಿತೆಂದು ಕಾಣುತ್ತೆ.

ಎರಡನೆಯ ದಿನ: ಮುದ್ದೆ

ಮಧ್ಯಾಹ್ನದ ಊಟಕ್ಕೆ ಅಲ್ಲಿ ತಣ್ಣಗಿನ ಬ್ರೆಡ್ಡು, ಅದರ ಮೇಲೆ ತಣ್ಣಗಿನ ಚೀಸು, ಕುಡಿಯಲು ತಣ್ಣಗಿನ ಹಾಲು. ಮೂರನ್ನೂ ನೋಡಿ ರುದ್ರಮ್ಮ, "ಪಾಪ, ಒಲೆ ಹಚ್ಚೋಕೆ ಹೊತ್ತಾಗಿಲ್ಲ ಅನ್ಸುತ್ತೆ" ಎಂದು ಎದ್ದು, ರಾಗಿಹಿಟ್ಟು ತೆಗೆದರು.

ಮಾರ್ಲೀನ್ ಬೇಡ ಅನ್ನಲಿಲ್ಲ, ಅಡುಗೆಮನೆ ಬಿಟ್ಟುಕೊಟ್ಟರು. ಅಪರಿಚಿತರನ್ನು ಅವರು ಎಷ್ಟು ಸಲೀಸಾಗಿ ಒಳಗೆ ಬಿಟ್ಟರೆಂದರೆ ನನಗೆ ನಾಚಿಕೆಯಾಯಿತು. ಎಸರಿಟ್ಟು, ಹಿಟ್ಟು ಹಾಕಿ, ಬೆಂದ ಮೇಲೆ ರುದ್ರಮ್ಮ ಕೋಲು ಹಿಡಿದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡರು. ಮುದ್ದೆ ತೊಳಸುವುದು ಸಾರು ಕದಡಿದಂತಲ್ಲ, ಮೈಭಾರವನ್ನೆಲ್ಲ ಕೋಲಿನ ಮೇಲೆ ಬಿಡಬೇಕು. ಬಿಟ್ಟರು. ಪಾತ್ರೆ ಗಾಜಿನ ಮೇಲೆ ಜಾರಿ ಗೋಡೆಗೆ ಬಡಿಯಿತು. ಒಲೆ ಕೀ ಎಂದು ಕೂಗಿ ಆರಿಹೋಯಿತು. ಮತ್ತೆ ಹಚ್ಚಿದೆವು, ಮತ್ತೆ ಜಾರಿತು, ಮತ್ತೆ ಕೂಗಿತು. ಕೊನೆಗೆ ಮಾರ್ಲೀನ್ ಎರಡು ದಪ್ಪ ಬಟ್ಟೆ ತಂದು, ಪಾತ್ರೆಯ ಎರಡೂ ಕಿವಿ ಹಿಡಿದು, ಕಾಲು ಅಗಲಿಸಿ ನಿಂತರು. ರುದ್ರಮ್ಮ ತೊಳಸಿದರು. ಒಬ್ಬರು ಎಳೆಯುತ್ತಿದ್ದರು, ಇನ್ನೊಬ್ಬರು ತಡೆಯುತ್ತಿದ್ದರು, ಇಬ್ಬರ ಮುಖವೂ ಕೆಂಪಗಾಗಿತ್ತು. ಎರಡು ದೇಶಗಳ ಸಹಕಾರ ಎಂದು ಭಾಷಣಗಳಲ್ಲಿ ಕೇಳಿದ್ದೆ, ನೋಡಿದ್ದು ಅವತ್ತೇ.

ಆಗ ರುದ್ರಮ್ಮ ಕೋಲು ನಿಲ್ಲಿಸದೆಯೇ ಹೇಳಿದರು: "ಇವಳ ಒಲೇನೂ ಇಂಗೇ ಕುಣೀತದೆ. ಇವರು ನಮ್ಗೆ ಕೊಟ್ಟಿದ್ದೂ ಇಂಗೇ ಕುಣೀತಿತ್ತು. ಅದ್ಕೇ ಎತ್ತಿಟ್ಟೆ."

"ಎತ್ತಿಟ್ರಾ? ಏನನ್ನ ಅಕ್ಕ?"

"ಒಲೇನ ಕಣೇ. ತಗಡಿಂದು, ಹಗೂರ. ಹಿಟ್ಟು ತೊಳಸಿದ್ರೆ ಒಲೆ ಸಮೇತ ಎದ್ದು ಬತ್ತದೆ. ಒಂದ್ಸಲ ಎಸರು ಸೊಸೆ ಕಾಲ್ಮೇಲೆ ಬಿತ್ತು. ಅವತ್ತೇ ತಗಂಡೋಗಿ ಕೊಬ್ರಿ ಮನೇಲಿಟ್ಟೆ."

ಕೊಬ್ಬರಿ ಮನೆ ಎಂದರೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗುವವರೆಗೆ ಕಾಯುವ ಮನೆ. ರುದ್ರಮ್ಮನವರದು ಜಗಲಿಯ ಪಕ್ಕದಲ್ಲೇ ಇದೆ. ನಾನು ಕೂರುತ್ತಿದ್ದ ಜಾಗದಿಂದ ಹತ್ತು ಹೆಜ್ಜೆ.

"ಅಕ್ಕ, ಆದ್ರೆ ದಿನಾ ಉರಿದಿದೆ ಅಂತ ಅಂಕಿ ಬರ್ತಿತ್ತಲ್ಲ?"

"ಉರಿಸ್ತೀನಿ ಕಣೇ. ಪೈಪ್ ಕಿತ್ತಾಕಿ, ಕಾಯಿ ಸಿಪ್ಪೆ ತುಂಬಿ ಅಟ್ಟದ ಕೆಳಗೆ ಹೊಗೆ ಇಕ್ತೀನಿ. ಕಾಯಿ ಚೆನ್ನಾಗಿ ಒಣಗ್ತವೆ. ನಮ್ಮ ಕೇರಿ ಹೆಂಗಸ್ರೆಲ್ಲ ಹಂಗೇ ಮಾಡದು."

ಹೊಗೆ ಬಾರದಿರಲಿ ಎಂದು ಕೊಟ್ಟ ಒಲೆ ಹೊಗೆ ಹಾಕುವ ಒಲೆಯಾಗಿ ಕೂತಿದೆ, ಅದನ್ನು ನಾನು ತಿಂಗಳು ತಿಂಗಳು ಹೊಗೆ ಕಮ್ಮಿಯಾಗಿದೆ ಎಂದು ಬರೆದು ಕಳಿಸಿದ್ದೇನೆ. "ಕಾಯಿಗೆ ಹೊಗೆ ಬೇಕಾದ್ರೆ ನೆಲದ ಮೇಲೆ ಸಿಪ್ಪೆ ಸುಟ್ರೆ ಸಾಕಲ್ವಾ? ಆ ಒಲೇಲೇ ಯಾಕೆ, ಅದೂ ದಿನಾ?" ಎಂದೆ. ರುದ್ರಮ್ಮ ಪಾತ್ರೆಯನ್ನೇ ನೋಡುತ್ತ, "ಅದನ್ನ ಬುಡು ಈಗ. ಹಿಟ್ಟು ಗಂಟಾಗ್ತದೆ" ಎಂದರು.

ಪಾತ್ರೆ ಹಿಡಿದುಕೊಂಡೇ ಮಾರ್ಲೀನ್ ನನ್ನತ್ತ ತಿರುಗಿದರು. "ಏನು ಹೇಳುತ್ತಿದ್ದಾರೆ?"

"ನಿಮ್ಮ ಅಡುಗೆಮನೆ ಬಹಳ ಚೆನ್ನಾಗಿದೆ ಅಂತಿದ್ದಾರೆ," ಎಂದೆ.

ಮಾರ್ಲೀನ್ ಸಂತೋಷಪಟ್ಟರು. ಮುದ್ದೆಯನ್ನು ಅಗಿಯಬೇಡಿ, ನುಂಗಿ ಎಂದು ಹೇಳಿಕೊಟ್ಟೆ. ಅವರು ನುಂಗಿದರು. ನಾನೂ ನುಂಗಿದೆ, ನನಗೇ ಇಳಿಯಲಿಲ್ಲ.

ಅವತ್ತು ಉಳಿದ ಹೊತ್ತೆಲ್ಲ ಕಾಲುವೆಗಳನ್ನು ತೋರಿಸಿದರು. ಕಾಲುವೆಗಳು ಚೆನ್ನಾಗಿದ್ದವು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ನಾಳೆ ಸಭೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ರುದ್ರಮ್ಮ ಏನು ಹೇಳಿದರೂ ನಾನು ಹೇಳಿದ್ದೇ ಅವರ ಮಾತು. ಸುಳ್ಳು ಹೇಳಿದರೆ ಮೂರು ವರ್ಷ ಕೆಲಸ ಉಳಿಯುತ್ತೆ, ಮಗಳ ಓದು ಒಂದು ದಡ ಮುಟ್ಟುತ್ತೆ. ನಿಜ ಹೇಳಿದರೆ ನಾನು ಮನೆಗೆ, ಒಲೆಗಳು ಗುಜರಿಗೆ. ಸಾಹೇಬರು ಹೇಳಿದ 'ಚೆನ್ನಾಗಿ ಹೇಳಿ' ಎಂಬ ಮಾತು ಎಷ್ಟು ಚೆನ್ನಾಗಿದೆ ಎಂದು ಆಗ ಗೊತ್ತಾಯಿತು.

ಮೂರನೆಯ ದಿನ: ಸಭೆ

ಸಭೆ ಒಂಬತ್ತಕ್ಕೆ ಎಂದಿದ್ದರು, ಒಂಬತ್ತಕ್ಕೇ ಶುರುವಾಯಿತು. ದೀಪ ಬೆಳಗಲಿಲ್ಲ, ಹಾರ ಇಲ್ಲ, ವೇದಿಕೆಯ ಗಣ್ಯರೇ ಎಂದು ಯಾರೂ ಯಾರನ್ನೂ ಕರೆಯಲಿಲ್ಲ. ನಮ್ಮಲ್ಲಾದರೆ ಸ್ವಾಗತದಲ್ಲೇ ಒಂದು ತಾಸು ಸಿಗುತ್ತಿತ್ತು, ಯೋಚನೆ ಮಾಡಬಹುದಿತ್ತು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ರುದ್ರಮ್ಮನವರ ಎರಡು ಫೋಟೋ ಬಂದವು. 'ಮೊದಲು', 'ಆಮೇಲೆ'. ಒಲೆ ಕೊಡುವ ಮುಂಚೆ ಫೋಟೋ ತೆಗೆಯುವುದು ಮರೆತುಹೋಗಿತ್ತು, ಹಾಗಾಗಿ 'ಮೊದಲು' ಫೋಟೋವನ್ನು 'ಆಮೇಲೆ' ತೆಗೆದ ಮುಂದಿನ ವಾರ ತೆಗೆದಿದ್ದೆವು. ಸ್ವಲ್ಪ ಬೇಜಾರಿನಲ್ಲಿರಿ ಎಂದು ನಾನೇ ಹೇಳಿದ್ದೆ. ರುದ್ರಮ್ಮ ಪರದೆಯ ಮೇಲಿನ 'ಮೊದಲು' ಫೋಟೋ ನೋಡಿ, "ಆ ಕಡೇದು ನಮ್ಮಕ್ಕನಂಗೆ ಐತೆ, ಸತ್ತೋದ್ಲಲ್ಲ, ಅವಳಂಗೆ" ಎಂದರು. ಅದನ್ನು ಅನುವಾದಿಸಿ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಗೆರೆಗಳು ಬಂದವು. ಒಂದೊಂದು ಊರಿಗೆ ಒಂದೊಂದು ಬಣ್ಣ. ಎಲ್ಲ ಗೆರೆಗಳು ಕೆಳಗೆ ತೆವಳುತ್ತಿದ್ದವು, ಬಿಳಿಗೆರೆಯದು ಮಾತ್ರ ನಡುವಿನಲ್ಲಿ ಎದ್ದು ಮೇಲೆ ಹೋಗಿತ್ತು. ಮುಂದಿನ ಸಾಲಿನಲ್ಲಿ ಬೆಳ್ಳಿಕೂದಲಿನ ಹಿರಿಯರೊಬ್ಬರು ಕೂತಿದ್ದರು. ದುಡ್ಡು ಕೊಡುವುದು ಬಿಡುವುದು ಅವರ ಕೈಯಲ್ಲಿ ಎಂದು ಮಾರ್ಲೀನ್ ಹೇಳಿದ್ದರು. ಅವರು ಕೈ ಎತ್ತಿದರು.

"ಈ ಹಳ್ಳಿಯಲ್ಲಿ ಈ ತಿಂಗಳು ಏನೋ ಆಗಿದೆ," ಎಂದು ಗೆರೆ ಮೇಲೇಳುವ ಜಾಗ ತೋರಿಸಿದರು. "ವರದಿಯಲ್ಲಿ ಜಾಗೃತಿ ಶಿಬಿರ ಎಂದಿದೆ. ಶಿಬಿರ ಎಲ್ಲ ಊರುಗಳಲ್ಲೂ ನಡೆದಿದೆ. ಇಲ್ಲಿ ಮಾತ್ರ ಯಾಕೆ? ಅವರನ್ನೇ ಕೇಳಿ."

ಒಳ್ಳೆಯ ಪ್ರಶ್ನೆ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯೂ ಹೌದು. ರುದ್ರಮ್ಮನವರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ: "ಆ ತಿಂಗಳು ಏನಾಯ್ತು, ಎಲ್ಲರೂ ಯಾಕೆ ಒಲೆ ಉರಿಸೋಕೆ ಶುರು ಮಾಡಿದ್ರಿ ಅಂತ ಕೇಳ್ತಿದ್ದಾರೆ ಅಕ್ಕ."

ರುದ್ರಮ್ಮ ಸೆರಗು ಸರಿಮಾಡಿಕೊಂಡರು. ಆ ಹಿರಿಯರನ್ನೇ ನೋಡುತ್ತ, ಅವರಿಗೆ ಕನ್ನಡ ಬರುತ್ತೆ ಎಂಬಂತೆ ಹೇಳಿದರು:

"ಆ ತಿಂಗಳು ಈ ಹುಡುಗಿ ನಮ್ಮ ಜಗಲೀಲಿ ಕೂತು ಅತ್ಲು ಕಣಪ್ಪ. ಅಂಕಿ ಬರಲಿಲ್ಲ ಅಂದ್ರೆ ಕೆಲಸ ಹೋಯ್ತದೆ ಅಂತ ಫೋನ್ನಾಗೆ ಯಾರೋ ಬೈದ್ರು. ಬಿಸಿಲಲ್ಲಿ ಅಷ್ಟು ದೂರದಿಂದ ಬತ್ತಾಳೆ, ಒಂದು ಲೋಟ ಕಾಫಿಗೆ ಇನ್ನೊಂದು ಕೇಳೋಳಲ್ಲ. ಅವತ್ತು ಸಂಜೆ ಮನೆಮನೆಗೂ ಹೋಗಿ ಹೇಳ್ದೆ, ಆ ಹುಡುಗಿ ಅಳ್ತಾಳೆ ಕಣ್ರೇ, ದಿನಾ ಒಂದೀಟು ಒಲೆ ಉರಿಸ್ರೇ ಅಂತ. ಸುಮ್ನೆ ಉರಿಸೋದು ಯಾಕೆ ಅಂತ ಅಟ್ಟದ ಕೆಳಗಿಟ್ವಿ. ಅಷ್ಟೇಯ."

ಸಭೆಯಲ್ಲಿದ್ದ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು.

ನಾನು ಏನೇನೋ ಹೇಳಬಹುದಿತ್ತು. ಆರೋಗ್ಯದ ಅರಿವು ಮೂಡಿತು ಎನ್ನಬಹುದಿತ್ತು, ಆ ವಾಕ್ಯ ನನಗೆ ಬಾಯಿಪಾಠ. ಎರಡು ವರ್ಷ ಜಗಲಿಯಲ್ಲಿ ಕೂತು ಈ ಹೆಂಗಸರ ಮೇಲೆ ಒಲೆಗಳ ಪರಿಣಾಮ ಏನು ಎಂದು ಅಳೆಯುತ್ತಿದ್ದೆ. ಅವರು ನನ್ನನ್ನು ನೋಡುತ್ತಿದ್ದರು ಎಂದು ಒಂದು ದಿನವೂ ಹೊಳೆದಿರಲಿಲ್ಲ.

"ಆ ತಿಂಗಳು ನಾನು ಅತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಉಳಿದದ್ದನ್ನೂ ಹೇಳಿದೆ. ಕುಣಿಯುವ ಒಲೆ, ಸೊಸೆಯ ಕಾಲಿನ ಮೇಲೆ ಬಿದ್ದ ಎಸರು, ಕೊಬ್ಬರಿ ಮನೆ, ಕಿತ್ತಿಟ್ಟ ಪೈಪು, ಫೋಟೋಗಳ ಕತೆಯನ್ನೂ ಬಿಡಲಿಲ್ಲ. ನಡುವೆ ಎರಡು ಸಲ ನೀರು ಕುಡಿದೆ. ರುದ್ರಮ್ಮ ಪಕ್ಕದಲ್ಲಿ ಕೂತು, ತಾವು ಹೇಳಿದ್ದು ನಾಲ್ಕು ಮಾತು, ಇವಳು ಇಷ್ಟುದ್ದ ಏನು ಹೇಳುತ್ತಿದ್ದಾಳೆ ಎಂದು ನನ್ನನ್ನೇ ನೋಡುತ್ತಿದ್ದರು.

ಮುಗಿದಾಗ ಬೆಳ್ಳಿಕೂದಲಿನ ಹಿರಿಯರು ಕನ್ನಡಕ ತೆಗೆದು, "ಈ ವಿಧಾನವನ್ನು ಬೇರೆ ಹಳ್ಳಿಗಳಿಗೂ ವಿಸ್ತರಿಸಲು ಸಾಧ್ಯವೇ?" ಎಂದರು. ತಮಾಷೆಗೆ ಕೇಳಿದರೋ ನಿಜವಾಗಿಯೋ ಈಗಲೂ ನನಗೆ ಗೊತ್ತಿಲ್ಲ, ಆ ಜನರ ಮುಖದಲ್ಲಿ ಅದು ಕಾಣುವುದಿಲ್ಲ. ನನ್ನೊಬ್ಬಳಿಂದ ಆಗುವುದಿಲ್ಲ ಎಂದು ಉತ್ತರಿಸಿದೆ.

ಚಹಾದ ಹೊತ್ತಿಗೆ ಮಾರ್ಲೀನ್ ನನ್ನ ಹತ್ತಿರ ಬಂದರು. "ನಿನ್ನೆ ಅಡುಗೆಮನೆಯಲ್ಲಿ ಅವರು ಹೇಳಿದ್ದು ಇದೇ ಅಲ್ಲವೇ?"

"ಹೌದು. ನಾನು ಸುಳ್ಳು ಹೇಳಿದೆ."

"ನನಗೆ ಗೊತ್ತಾಗಬೇಕಿತ್ತು," ಎಂದರು ಅವರು, ಅಂಗೈ ಬಿಡಿಸಿ ತೋರಿಸುತ್ತ. ಎರಡು ಬೆರಳು ಕೆಂಪಗಿದ್ದವು. "ಪಾತ್ರೆ ಹಿಡಿದಿದ್ದು ನಾನೇ." ಅಷ್ಟು ಹೇಳಿ ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಹಿಡಿದರು. ನಾನು ಒಂದು ತೆಗೆದುಕೊಂಡೆ. ಅವರು ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮತ್ತೆ ತಿಪಟೂರು

ಮೂರು ವರ್ಷದ ಬದಲು ಒಂದು ವರ್ಷಕ್ಕೆ ಮಾತ್ರ ಒಪ್ಪಿಗೆ ಬಂತು. ವರದಿಯಿಂದ ಬಿಳಿಗೆರೆಯನ್ನು ತೆಗೆದರು. ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ, 'ಈ ಹಳ್ಳಿಯ ಅಂಕಿಗಳು ಬೇರೆ ಕಾರಣಗಳಿಂದ ಏರಿವೆ' ಎಂದು ಹಾಕಿದರು. ಆ ಬೇರೆ ಕಾರಣ ನಾನು. ಡಬ್ಬಿಗಳನ್ನೆಲ್ಲ ಬಿಚ್ಚಿ ವಾಪಸ್ ಕಳಿಸಿ, ಈ ವರ್ಷ ಅಡುಗೆಮನೆಯೊಳಗೆ ಹೋಗಿ ನೋಡಿ ಬನ್ನಿ, ಮುದ್ದೆ ಹೇಗೆ ಮಾಡುತ್ತಾರೆ ಎಂದು ಮೊದಲು ಬರೆಯಿರಿ ಎಂದು ಮಾರ್ಲೀನ್ ಪತ್ರ ಹಾಕಿದರು. ನನ್ನ ಕೆಲಸಕ್ಕೂ ಒಂದೇ ವರ್ಷದ ಆಯಸ್ಸು.

ಸಾಹೇಬರು ಬೈಯಲಿಲ್ಲ. ಫ್ಯಾನು ನೋಡುತ್ತ, "ಅಳೋದಿದ್ರೆ ಆಫೀಸಿಗೆ ಬಂದು ಅಳಬೇಕಾಗಿತ್ತು ಪುಷ್ಪಾ," ಎಂದರು.

ಬಿಳಿಗೆರೆ

ಸ್ಕ್ರೂಡ್ರೈವರ್ ಹಿಡಿದು ಬಿಳಿಗೆರೆಗೆ ಹೋದೆ. ಕೊಬ್ಬರಿ ಮನೆಯ ಬಾಗಿಲು ತೆಗೆದೇ ಇತ್ತು. ಅಟ್ಟದ ಕೆಳಗೆ ನಮ್ಮ ಒಲೆ ಕೂತಿತ್ತು, ಬಾಯಿ ತುಂಬ ಸಿಪ್ಪೆಯ ಬೂದಿ. ಚೆನ್ನಾಗಿ ನೋಡಿಕೊಂಡಿದ್ದರು. ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕಿ, ರೂಢಿಯಂತೆ ಜಗಲಿಯ ಮೇಲೆ ಬಂದು ಕೂತೆ. ಅಡುಗೆಮನೆ ನೋಡಬೇಕಿತ್ತು. ಹಾಲೆಂಡಿನಲ್ಲಿ ಬೀದಿಯಲ್ಲೇ ಕಾಣುತ್ತಿದ್ದದ್ದನ್ನು ಬಿಳಿಗೆರೆಯಲ್ಲಿ ಹೇಗೆ ಕೇಳುವುದು ಎಂದು ತಿಳಿಯಲಿಲ್ಲ.

ಒಳಗಿನಿಂದ ರುದ್ರಮ್ಮನವರ ದನಿ ಬಂತು. "ಪುಷ್ಪಾ, ಅಲ್ಯಾಕೆ ಕುಂತೆ? ಒಳೀಕೆ ಬಾ."

ನಾನು ಎದ್ದೆ, ಆದರೆ ಹೊಸಲಿನ ಹತ್ತಿರ ನಿಂತೆ. "ಬರಬಹುದಾ ಅಕ್ಕ?"

"ಮಾರ್ಲೀನಮ್ಮನ ಅಡುಗೆಮನೇಲಿ ನಾನು ಕೇಳುದ್ನಾ? ಕಾಲು ತೊಳಕಂಡು ಬಾ."

ತೊಳೆದುಕೊಂಡು ಹೋದೆ. ಒಳಗೆ ಮಣ್ಣಿನ ಹಳೆಯ ಒಲೆ, ನೆಲಕ್ಕೆ ಅಂಟಿ ಕೂತದ್ದು, ಯಾರು ತೊಳಸಿದರೂ ಅಲುಗದಂಥದ್ದು. ಗೋಡೆ, ಸೂರು, ದೇವರ ಪಟಗಳ ಅಂಚು ಎಲ್ಲ ಕರ್ರಗೆ. ಸೊಸೆ ಕೆಮ್ಮುತ್ತ ಎದ್ದು ನನಗೆ ಮಣೆ ಹಾಕಿದಳು. ಅವಳ ಪಾದದ ಮೇಲೆ ಸುಟ್ಟ ಕಲೆ ಇತ್ತು. ರುದ್ರಮ್ಮ ಊದುಗೊಳವೆಯಿಂದ ಊದಿದರು, ಹಸಿ ಗರಿಯ ಹೊಗೆ ಎದ್ದು ಮನೆಯನ್ನೆಲ್ಲ ತುಂಬಿತು. ನಾನು ತಿಂಗಳು ತಿಂಗಳು ಕಮ್ಮಿಯಾಗಿದೆ ಎಂದು ಬರೆಯುತ್ತಿದ್ದ ಹೊಗೆ ಅದು. ಮೊಬೈಲ್ ಹಿಡಿಯುವ ಅಗತ್ಯವೇ ಇರಲಿಲ್ಲ. ನನ್ನ ಎರಡೂ ಕಣ್ಣಿಂದ ನೀರು ಇಳಿಯತೊಡಗಿತು.

ರುದ್ರಮ್ಮ ನೋಡಿದರು. "ಈಗ ಯಾಕವ್ವ ಅಳ್ತೀಯಾ? ಡಬ್ಬಿ ಬಿಚ್ಚಾಯ್ತಲ್ಲ, ಇನ್ನೆಲ್ಲಿಂದ ಅಂಕಿ ಏರಿಸ್ಲಿ?"

"ಅಳ್ತಾ ಇಲ್ಲ ಅಕ್ಕ," ಎಂದೆ. "ಹೊಗೆ."

"ಹೂಂ ಕಣವ್ವ," ಎಂದರು ಅವರು, ಸೆರಗಿನ ತುದಿಯಿಂದ ತಮ್ಮ ಕಣ್ಣು ಒರೆಸಿಕೊಳ್ಳುತ್ತ. "ನಲವತ್ತು ವರ್ಷದಿಂದ ನಾನೂ ಹಂಗೇ ಹೇಳ್ಕಂಡು ಬಂದಿವ್ನಿ."